ಬೈ-ಟು ಕಾಫಿಯ ಬಡಾವಣೆಗಳು

ಓಸ್ಲೊಗೆ ಕೈಯಲ್ಲಿ ಕಾಸಿಲ್ಲದೆ ಹೊರಟವರಿಗೆ ಸಿಗುವ ಸಲಹೆಗಳು ಹೆಚ್ಚುಕಡಿಮೆ ಒಂದೇ. ನೀರಿನಂಚಿನ ಆಪೆರಾ ಹೌಸಿನ ಚಾವಣಿ ಹತ್ತಿ, ದುಡ್ಡು ಕೇಳುವುದಿಲ್ಲ. ವಿಗೆಲಾಂಡ್ ಶಿಲ್ಪಗಳ ಪಾರ್ಕು ನೋಡಿ, ಅದಕ್ಕೂ ಟಿಕೆಟ್ಟಿಲ್ಲ. ನಲ್ಲಿ ನೀರು ಕುಡಿಯಿರಿ, ಅಂಗಡಿಯ ಬ್ರೆಡ್ಡು ತಿನ್ನಿ, ಹೋಟೆಲಿನ ಕಡೆ ತಲೆ ಹಾಕಬೇಡಿ. ಸ್ಟಾಕ್‌ಹೋಮ್‌ನಲ್ಲಿ ಒಂದು ಸಲ ಮೆಟ್ರೊ ಹತ್ತಿದರೆ ನಮ್ಮ ಲೆಕ್ಕದಲ್ಲಿ 350 ರೂಪಾಯಿ ದಾಟುತ್ತದೆ. ಅಂಥ ಊರುಗಳಲ್ಲಿ ಅಗ್ಗವಾಗಿ ಇರುವುದೆಂದರೆ ಊರಿನವರು ಮಾಡುವುದರಲ್ಲಿ ಅರ್ಧವನ್ನು ಬಿಟ್ಟು ಇರುವುದು. ದಕ್ಷಿಣ ಬೆಂಗಳೂರಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಇಲ್ಲಿ ಊರಿನವರೇ ತಿಂಗಳ ಸಂಬಳವನ್ನು ಅಳೆದು ತೂಗಿ ಬಾಳಿದವರು. ಜಯನಗರ, ಬನಶಂಕರಿ, ಜೆ.ಪಿ. ನಗರದ ಒಳ್ಳೆಯ ಜಾಗಗಳೆಲ್ಲ ಅವರ ಜೇಬು ನೋಡಿಯೇ ಹುಟ್ಟಿಕೊಂಡವು.

ಶುರು ಮಾಡಲು ಅಶೋಕ ಪಿಲ್ಲರ್ ಸರಿಯಾದ ಜಾಗ. ನಾಲ್ಕು ಸಿಂಹಗಳ ಈ ಕಂಬ 1948ರದು. ಆಗಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಜಯನಗರಕ್ಕೆ ಅಡಿಗಲ್ಲು ಹಾಕಿದ ನೆನಪಿಗೆ ನಿಂತದ್ದು. ಆ ಕಾಲಕ್ಕೆ ಊರು ಮುಗಿಯುತ್ತಿದ್ದದ್ದು ಸೌತ್ ಎಂಡ್ ಸರ್ಕಲ್ಲಿನಲ್ಲಿ. ಈಗ ಅದೇ ಹೆಸರಿನ ಮೆಟ್ರೊ ನಿಲ್ದಾಣದಿಂದ ರೈಲು ಇನ್ನೂ ಎಷ್ಟೋ ದೂರ ದಕ್ಷಿಣಕ್ಕೆ ಓಡುತ್ತದೆ, ಸರ್ಕಲ್ಲಿನ ಹೆಸರು ಮಾತ್ರ ಬದಲಾಗಿಲ್ಲ.

ಕಂಬದಿಂದ ಕನಕನಪಾಳ್ಯ ಹತ್ತಿರ. 2017ರ ಆಗಸ್ಟ್ 16ರಂದು ಇಂದಿರಾ ಕ್ಯಾಂಟೀನ್ ಯೋಜನೆಗೆ ಚಾಲನೆ ಸಿಕ್ಕಿದ್ದು ಇಲ್ಲಿ. ತಿಂಡಿಗೆ 5 ರೂಪಾಯಿ, ಊಟಕ್ಕೆ 10. ರುಚಿಯ ಬಗ್ಗೆ ಒಂದೊಂದು ಬಾಯಿ ಒಂದೊಂದು ಹೇಳುತ್ತದೆ. ಇಡ್ಲಿ ಬಿಸಿಯಾಗಿದ್ದ ದಿನ ನನಗೇನೂ ತಕರಾರಿಲ್ಲ. ಆಟೊದವರು, ಪೌರಕಾರ್ಮಿಕರು, ಕಾಲೇಜು ಹುಡುಗರು ಒಂದೇ ಸಾಲಿನಲ್ಲಿ ನಿಂತಿರುತ್ತಾರೆ. ಪ್ರವಾಸಿಗಳು ಯಾಕೋ ಇದನ್ನು ನೋಡಬೇಕಾದ ಜಾಗಗಳ ಪಟ್ಟಿಗೆ ಸೇರಿಸಿಕೊಳ್ಳುವುದೇ ಇಲ್ಲ.

ಅದಕ್ಕೂ ಮೂರು ದಶಕ ಮೊದಲು ಇದೇ ಜಯನಗರ ಇನ್ನೊಂದು ಉಪಾಯ ಕಂಡುಕೊಂಡಿತ್ತು. 1983ರಲ್ಲಿ ಆರ್. ಪ್ರಭಾಕರ್ ಇಲ್ಲಿ ‘ಕೆಫೆ ದರ್ಶಿನಿ’ ತೆರೆದರು. ಕುರ್ಚಿ ಇಲ್ಲ, ಮಾಣಿ ಇಲ್ಲ, ಟಿಪ್ಸ್ ಇಲ್ಲ. ಅಡುಗೆಮನೆ ಗಿರಾಕಿಯ ಕಣ್ಣೆದುರೇ. ಕೂರುವ ಜಾಗ ಉಳಿದರೆ ಬಾಡಿಗೆ ಉಳಿಯಿತು, ಬಡಿಸುವವರು ಕಡಿಮೆಯಾದರೆ ಸಂಬಳ ಉಳಿಯಿತು, ಆ ಉಳಿತಾಯ ದೋಸೆಯ ಬೆಲೆಯಲ್ಲಿ ಕಾಣಿಸಿತು. ಆಮೇಲೆ ಬೆಂಗಳೂರಿನ ಗಲ್ಲಿಗಲ್ಲಿಯಲ್ಲೂ ದರ್ಶಿನಿಗಳೆದ್ದವು. ಬೆಳಿಗ್ಗೆ ಎಂಟೂವರೆಗೆ ಯಾವುದಾದರೂ ದರ್ಶಿನಿಯ ಮುಂದೆ ನಿಂತು ನೋಡಿ. ಗಲ್ಲಾದಲ್ಲಿ ಟೋಕನ್ ಕೊಂಡು, ಎದೆಮಟ್ಟದ ಸ್ಟೀಲ್ ಕಟ್ಟೆಯ ಮೇಲೆ ಅದನ್ನು ಇಟ್ಟು, ‘ಅಣ್ಣಾ, ಒಂದು ಇಡ್ಲಿ-ವಡೆ, ಸಾಂಬಾರ್ ಬೇರೆ’ ಎಂದರೆ ಸಾಕು, ಮಾತು ಮುಗಿಯುವಷ್ಟರಲ್ಲಿ ತಟ್ಟೆ ಮುಂದಿರುತ್ತದೆ. ಕಾಫಿಯವನು ಸಾಲಾಗಿ ಜೋಡಿಸಿದ ಲೋಟಗಳಿಗೆ ಮೊದಲು ಡಿಕಾಕ್ಷನ್ ಹನಿಸಿಕೊಂಡು ಹೋಗುತ್ತಾನೆ, ಹಿಂದೆಯೇ ಕುದಿಯುವ ಹಾಲು ಎತ್ತರದಿಂದ ಬೀಳುತ್ತದೆ. ಬೆಲೆ 20 ರೂಪಾಯಿಯ ಆಸುಪಾಸು. ಇಬ್ಬರಿದ್ದರೆ ಬೈ-ಟು ಹೇಳಿ. ಪಕ್ಕದಲ್ಲಿ ನಿವೃತ್ತ ಬ್ಯಾಂಕ್ ಮ್ಯಾನೇಜರೂ ಅದನ್ನೇ ಹೇಳುತ್ತಿರುತ್ತಾರೆ, ಸಂಕೋಚ ಬೇಡ.

ಓಡಾಟಕ್ಕೆ ಬಿಎಂಟಿಸಿಯ ದಿನದ ಪಾಸು 2025ರ ಜನವರಿಯಿಂದ 80 ರೂಪಾಯಿ. ಕರ್ನಾಟಕದ ಮಹಿಳೆಯರಿಗೆ ಶಕ್ತಿ ಯೋಜನೆಯಡಿ 2023ರ ಜೂನ್‌ನಿಂದ ಸಾಮಾನ್ಯ ಬಸ್ಸು ಉಚಿತ, ಗುರುತಿನ ಚೀಟಿ ಕೈಯಲ್ಲಿರಬೇಕು. ಮೆಟ್ರೊದಲ್ಲಿ ಹೋಗುವುದಾದರೆ ಆರ್.ವಿ. ರಸ್ತೆ ನಿಲ್ದಾಣವನ್ನು ನೆನಪಿಟ್ಟುಕೊಳ್ಳಿ. ಹಸಿರು ಮಾರ್ಗ ಅಲ್ಲಿಂದ ಬನಶಂಕರಿ, ಜೆ.ಪಿ. ನಗರದ ಕಡೆ ಹೋಗುತ್ತದೆ. 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗ ರಾಗಿಗುಡ್ಡ, ಜಯದೇವ ಆಸ್ಪತ್ರೆ, ಬಿಟಿಎಂ ಲೇಔಟ್ ದಾಟಿ ಬೊಮ್ಮಸಂದ್ರಕ್ಕೆ. ಆಟೊಗೆ ಮೀಟರ್ ದರ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ ಎಂದು ಸರ್ಕಾರ ಹೇಳುತ್ತದೆ. ಸರ್ಕಾರ ಹೇಳುತ್ತದೆ, ಅಷ್ಟೇ.

ಬನಶಂಕರಿ ದೇವಸ್ಥಾನಕ್ಕೆ ಹೋಗುವುದಿದ್ದರೆ ರಾಹುಕಾಲಕ್ಕೇ ಹೋಗಿ. ಬೇರೆಡೆ ಶುಭಕಾರ್ಯಕ್ಕೆ ಜನ ತಪ್ಪಿಸುವ ಹೊತ್ತು ಇಲ್ಲಿ ಪೂಜೆಯ ಹೊತ್ತು: ಮಂಗಳವಾರ ಮಧ್ಯಾಹ್ನ ಮೂರರಿಂದ, ಶುಕ್ರವಾರ ಬೆಳಿಗ್ಗೆ ಹತ್ತೂವರೆಯಿಂದ, ಭಾನುವಾರ ಸಂಜೆ ನಾಲ್ಕೂವರೆಯಿಂದ. ನಿಂಬೆಹಣ್ಣನ್ನು ಅಡ್ಡಕ್ಕೆ ಹೆಚ್ಚಿ, ರಸ ಹಿಂಡಿ, ಸಿಪ್ಪೆಯನ್ನು ಒಳಮೈ ಹೊರಕ್ಕೆ ಬರುವಂತೆ ಮಗುಚಿದರೆ ಪುಟ್ಟ ಬಟ್ಟಲು. ಅದಕ್ಕೆ ತುಪ್ಪ, ಬತ್ತಿ. ಅನುಭವವಿಲ್ಲದವರು ಮಗುಚುವಾಗ ಸಿಪ್ಪೆ ಹರಿದುಕೊಳ್ಳುತ್ತಾರೆ, ಪಕ್ಕದ ಅಜ್ಜಿ ‘ಕೊಡಮ್ಮ ಇಲ್ಲಿ’ ಅಂತ ಕಿತ್ತುಕೊಂಡು ಸರಿಮಾಡಿ ಕೊಡುತ್ತಾರೆ. ತುಪ್ಪಕ್ಕೆ ನಿಂಬೆಯ ಸಿಪ್ಪೆ ಸುಡುವ ವಾಸನೆ ಸೇರಿ ಆವರಣವೆಲ್ಲ ತುಂಬಿರುತ್ತದೆ. ದೇವಸ್ಥಾನ ಪುರಾತನವೇನಲ್ಲ, 1915ರದು. ಹಳೆಯದೇ ಬೇಕೆನ್ನುವವರು ಲಾಲ್‌ಬಾಗ್‌ನ ಬಂಡೆ ಹತ್ತಲಿ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ.

ಗುಡ್ಡದ ಮೇಲಿಂದ ಬಡಾವಣೆ ನೋಡಬೇಕೆಂದರೆ ಜಯನಗರ ಒಂಬತ್ತನೇ ಬ್ಲಾಕಿನ ರಾಗಿಗುಡ್ಡವಿದೆ. ರಾಗಿಯ ರಾಶಿಯೇ ಕಲ್ಲಾಯಿತೆಂಬ ಕಥೆ, ಮೇಲೆ ಆಂಜನೇಯ. ಡಿಸೆಂಬರಿನ ಹನುಮಜ್ಜಯಂತಿಯಲ್ಲಿ ಒಳ್ಳೆಯ ಸಂಗೀತ ಬಿಟ್ಟಿಯಾಗಿ ಕಿವಿಗೆ ಬೀಳುತ್ತದೆ.

ಕಾಸು ಕರಗುವುದು ನಾಲ್ಕನೇ ಬ್ಲಾಕಿನಲ್ಲಿ. ಫುಟ್‌ಪಾತಿನ ಓಲೆ, ಕ್ಲಿಪ್ಪು, ಕುರ್ತಾಗಳ ಮುಂದೆ ಚೌಕಾಸಿ ನಡೆಯುತ್ತದೆ. ಎದುರಿನ ಗಾಜಿನ ಬಾಗಿಲಿನ ಅಂಗಡಿಗಳಲ್ಲಿ ನಡೆಯುವುದಿಲ್ಲ. ಹಳೆಯ ಜಯನಗರ ಕಾಣುವುದು ಇನ್ನೂ ಫುಟ್‌ಪಾತಿನಲ್ಲೇ ಎಂಬುದು ನನ್ನ ಅಭಿಪ್ರಾಯ. ಹನ್ನೊಂದನೇ ಮೇನ್‌ನ ಈಗಿನ ಕೆಫೆಗಳಲ್ಲಿ ಒಂದು ಕಾಫಿಗೆ ಕೊಡುವ ದುಡ್ಡಿನಲ್ಲಿ ದರ್ಶಿನಿಯಲ್ಲಿ ಇಡೀ ಮನೆಮಂದಿ ತಿಂಡಿ ಮುಗಿಸಬಹುದು.

ಉಳಿದುಕೊಳ್ಳಲು ಬಿಟಿಎಂ ಲೇಔಟ್. ಬ್ಯಾಟರಾಯನಪುರವೋ ಬಸವನಗುಡಿಯೋ ಎಂದು ಹೊಸಬರು ಊಹಿಸುತ್ತಾರೆ. ಹೆಸರಿನೊಳಗೆ ಕೂತಿರುವುದು ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು. ಸಾಫ್ಟ್‌ವೇರ್ ಹುಡುಗ-ಹುಡುಗಿಯರಿಗಾಗಿ ಪಿ.ಜಿ.ಗಳು ಬೀದಿ ತುಂಬ. ದಿನಬಾಡಿಗೆಗೆ ಹಾಸಿಗೆ ಕೊಡುವವರೂ ಇದ್ದಾರೆ. ಸ್ನಾನಕ್ಕೆ ಬಿಸಿನೀರು ಎಷ್ಟು ಹೊತ್ತಿನವರೆಗೆ ಎಂದು ಮೊದಲೇ ಕೇಳಿಕೊಳ್ಳಿ.

ಉಳಿಸಿದ್ದರಲ್ಲಿ ಸ್ವಲ್ಪವನ್ನಾದರೂ ಸಂಜೆ ರಂಗ ಶಂಕರದಲ್ಲಿ ಖರ್ಚು ಮಾಡಬೇಕು. ಶಂಕರ್ ನಾಗ್ ಹೆಸರಿನಲ್ಲಿ ಅರುಂಧತಿ ನಾಗ್ ಕಟ್ಟಿದ ಈ ರಂಗಮಂದಿರ 2004ರಲ್ಲಿ ಜೆ.ಪಿ. ನಗರ ಎರಡನೇ ಹಂತದಲ್ಲಿ ತೆರೆಯಿತು. ಟಿಕೆಟ್ಟು ಮಲ್ಟಿಪ್ಲೆಕ್ಸಿನ ಪಾಪ್‌ಕಾರ್ನಿಗಿಂತ ದುಬಾರಿಯೆಂದು ಅನ್ನಿಸುವುದಿಲ್ಲ, ಒಳಗಿನ ಕೆಫೆಯ ಸಾಬುದಾನ ವಡೆಗೆ ಪ್ರತ್ಯೇಕ ಅಭಿಮಾನಿಗಳಿದ್ದಾರೆ. ಒಂದು ಎಚ್ಚರಿಕೆ: ನಾಟಕ ಶುರುವಾದ ಮೇಲೆ ಬಂದವರನ್ನು ಒಳಗೆ ಬಿಡುವುದಿಲ್ಲ, ಯಾರೇ ಆಗಲಿ. ಜಯದೇವದ ಟ್ರಾಫಿಕ್ಕು, ಆಟೊ ಸಿಗಲಿಲ್ಲ ಎಂಬ ನೆಪಗಳೂ ನಡೆಯುವುದಿಲ್ಲ. ರಾಗಿಗುಡ್ಡ ನಿಲ್ದಾಣದಲ್ಲಿ ಇಳಿದು ನಡೆದೇ ಬಿಡಿ, ವಡೆ ತಿನ್ನಲೂ ಹೊತ್ತು ಸಿಗುತ್ತದೆ.