ರಾಗಿ ಬೀಜದ ಹೊಲದಲ್ಲಿ ಕಾಡುರಾಗಿ ಕಾಟ: ಔಷಧಿ ಹೊಡೆದರೂ ಕೈಯೇ ಗತಿ!

ತುಮಕೂರು: ರಾಗಿ ಹೊಲದ ಕಳೆಗೆ ರೈತರು ಬಳಸುವ ಔಷಧಿಗಳಲ್ಲಿ 2,4-ಡಿ ಬಹಳ ಹಳೆಯದು. ಹೊಡೆದ ಕೆಲವೇ ದಿನಕ್ಕೆ ಅಣ್ಣೆಸೊಪ್ಪು ಮುರುಟಿ ಬೀಳುತ್ತದೆ. ಹೊಲ ಚೊಕ್ಕಟ, ರೈತ ನಿರಾಳ. ಆದರೆ ಬೀಜಕ್ಕೆಂದು ರಾಗಿ ಬೆಳೆಯುವವರು ಮೋಸ ಹೋಗುವುದು ಇಲ್ಲೇ.

ಈ ಔಷಧಿ ಅಗಲ ಎಲೆಯ ಗಿಡಗಳನ್ನು ಕೊಲ್ಲುತ್ತೆ, ಹುಲ್ಲಿನ ಜಾತಿಯನ್ನು ಬಿಡುತ್ತೆ. ರಾಗಿಯೂ ಹುಲ್ಲೇ ತಾನೆ? ಅದಕ್ಕೇ ಬದುಕುತ್ತೆ. ಜೊತೆಗೆ ಅದರ ದಾಯಾದಿ ಕಾಡುರಾಗಿಯೂ ಬದುಕುತ್ತೆ! ಬೆರಕೆ ಸೊಪ್ಪಿನ ಸಾರಿಗೆ ಆಗುತ್ತಿದ್ದದ್ದು ಹೋಯಿತು, ಬೀಜ ಕೆಡಿಸುವ ಕಳ್ಳ ಒಳಗೇ ಕೂತ.

ಊಟದ ರಾಗಿಯಾದರೆ ಕೇರಿ, ಜರಡಿ ಹಿಡಿದರೆ ಆಯಿತು. ಬೀಜದ ರಾಗಿಗೆ ಹಾಗಲ್ಲ. ಪ್ರಮಾಣನ ಸಂಸ್ಥೆಯವರು ಹೊಲಕ್ಕೇ ಬಂದು ನೋಡುತ್ತಾರೆ. ಆಮೇಲೆ ಪ್ರಯೋಗಶಾಲೆಯಲ್ಲಿ ಶೇಕಡಾ 97 ಶುದ್ಧ ಬೀಜ ಇರಬೇಕು, ಶೇಕಡಾ 75 ಮೊಳೆಯಬೇಕು. ಕಳೆಬೀಜವನ್ನಂತೂ ಎಣಿಸಿಯೇ ನೋಡುತ್ತಾರೆ. ನಪಾಸಾದರೆ ಜಿಪಿಯು-28 ಆದರೂ ಅಷ್ಟೇ, ಸಾಧಾರಣ ರಾಗಿಯ ರೇಟಿಗೆ ಮಾರಬೇಕು. ವರ್ಷದ ದುಡಿಮೆ ಮಣ್ಣುಪಾಲು.

ಗ್ಲೈಫೋಸೇಟ್ ಹೊಡೆದರೆ? ಕಳೆ ಜೊತೆ ರಾಗಿಯೂ ಒಣಗುತ್ತೆ. ನಾಟಿ ರಾಗಿಗೆ ಬೆನ್‌ಸಲ್ಫ್ಯೂರಾನ್ ಮತ್ತು ಪ್ರೆಟಿಲಾಕ್ಲೋರ್ ಬೆರೆತ ಹರಳು ಔಷಧಿ ಇದೆ. ನಾಟಿಯಾದ 3 ದಿನದೊಳಗೆ ಮರಳಿನಲ್ಲಿ ಕಲಸಿ ಎರಚಬೇಕು, ನೆಲದಲ್ಲಿ ತೇವ ಇರಲೇಬೇಕು. ಇದು ಮೊಳೆಯುವ ಕಳೆಯನ್ನು ತಡೆಯುತ್ತೆ; ಎದ್ದು ನಿಂತ ಕಾಡುರಾಗಿಗೆ ಕ್ಯಾರೇ ಇಲ್ಲ.

ಎದ್ದದ್ದನ್ನು ಕೈಯಲ್ಲೇ ಕೀಳಬೇಕು. ಎಳೆಯದರಲ್ಲಿ ಎರಡೂ ಒಂದೇ ಥರ. ಬುಡ ನೋಡಬೇಕು: ಕಾಡುರಾಗಿಯ ಬುಡ ಚಪ್ಪಟೆ, ಬಿಳಿಚಿಕೊಂಡಿರುತ್ತೆ. ತೆನೆ ಬರೋ ತನಕ ಕಾಯ್ದರೆ ಕೆಲಸ ಕೆಟ್ಟಿತು. ಸಣಕಲು ಬೆರಳಿನ ತೆನೆಯಿಂದ ಬೀಜ ಉದುರಿ ಮುಂದಿನ ವರ್ಷದ ಹೊಲಕ್ಕೂ ಕಾಟ ಗ್ಯಾರಂಟಿ. ಈ ಗುರುತು ಕಳೆ ಕೀಳುವ ಹೆಣ್ಣಾಳುಗಳಿಗೆ ಗೊತ್ತು, ಔಷಧಿ ಡಬ್ಬಕ್ಕೆ ಗೊತ್ತಿಲ್ಲ. ಬೀಜದ ಖರೀದಿ ದರ ಕಟ್ಟುವವರು ಡಬ್ಬದ ಬೆಲೆಯ ಜೊತೆ ಈ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಬೇಡವೇ?

ಇನ್ನೊಂದು ತಕರಾರು ಬದುವಿನಾಚೆಯದು. ಬೀಜದ ಹೊಲದಲ್ಲಿ ಬರೀ ರಾಗಿ. ಪಕ್ಕದವನ ಹೊಲದಲ್ಲಿ ಅಕ್ಕಡಿ ಸಾಲಿನ ಅವರೆ, ತೊಗರಿ ಇರುತ್ತೆ. ಎರಡೂ ಅಗಲ ಎಲೆಯವು. ಗಾಳಿ ಬೀಸುವಾಗ 2,4-ಡಿ ಹೊಡೆದರೆ ಹನಿ ಅಲ್ಲಿಗೆ ಹಾರಿ ಅವರೆ ಬಳ್ಳಿ ಸೊಟ್ಟಗಾಗುತ್ತೆ. ಬೀಜದ ರಾಗಿಗೂ ಬೇರೆ ರಾಗಿಗೂ 3 ಮೀಟರ್ ಅಂತರ ಬೇಕೆಂದು ನಿಯಮವಿದೆ. ಆ 3 ಮೀಟರ್ ದಾಟುವುದು ಗಾಳಿಗೆ ಯಾವ ಲೆಕ್ಕ?