ಅವರು ಬಿಟ್ಟರು, ನಾನೂ ಬಿಡಲೇ?

2022ರ ಜೂನ್‌ಗೆ ಮುಗಿದ ತ್ರೈಮಾಸಿಕದಲ್ಲಿ ಇನ್ಫೋಸಿಸ್ ಪ್ರಕಟಿಸಿದ ಆಟ್ರಿಷನ್ (ಕೆಲಸ ಬಿಟ್ಟವರ) ಪ್ರಮಾಣ ಶೇ 28.4. ಎರಡು ವರ್ಷ ತುಂಬುವುದರೊಳಗೆ, 2024ರ ಮಾರ್ಚ್ ವೇಳೆಗೆ, ಅದು ಶೇ 12.6ಕ್ಕೆ ಇಳಿದಿತ್ತು. ಕಂಪನಿ ಅದೇ, ಕೆಲಸದ ಬಗೆಯೂ ಹೆಚ್ಚುಕಡಿಮೆ ಅದೇ. ಕೋವಿಡ್ ನಂತರ ಉಕ್ಕಿದ ಬೇಡಿಕೆ ಇಳಿದು, ಹೊರಗೆ ಆಫರ್‌ಗಳು ಕಡಿಮೆಯಾಗಿದ್ದವು. ಎಷ್ಟು ಜನ ಬಿಟ್ಟರು ಎಂಬ ಲೆಕ್ಕ ಕಚೇರಿಯ ಒಳಗಿನ ಸ್ಥಿತಿಗಿಂತ ಹೊರಗಿನ ಮಾರುಕಟ್ಟೆಯ ಕುರಿತೇ ಹೆಚ್ಚು ಹೇಳುವುದುಂಟು. ಆದರೆ ಒಂದೇ ತಂಡದಲ್ಲಿ ಒಬ್ಬರಾದ ಮೇಲೊಬ್ಬರು ಪೇಪರ್ ಹಾಕುತ್ತಿರುವಾಗ ಉಳಿದವರಿಗೆ ಇದು ಹೊಳೆಯುವುದಿಲ್ಲ. ‘ಎಲ್ಲರಿಗೂ ಗೊತ್ತಾದದ್ದು ನನಗೆ ಮಾತ್ರ ಗೊತ್ತಾಗಲಿಲ್ಲವೇ?’ ಎಂಬ ಅಳುಕು ಶುರುವಾಗುತ್ತದೆ.

ಈ ಅಳುಕನ್ನು ಸಂಶೋಧಕರು ಹಗುರವಾಗಿ ಕಂಡಿಲ್ಲ. ಡೇವಿಡ್ ಕ್ರಾಕ್‌ಹಾರ್ಟ್ ಮತ್ತು ಲೈಮನ್ ಪೋರ್ಟರ್ 1980ರ ದಶಕದಲ್ಲಿ ಅಮೆರಿಕದ ಫಾಸ್ಟ್‌ಫುಡ್ ಹೋಟೆಲುಗಳ ಕೆಲಸಗಾರರನ್ನು ಅಧ್ಯಯನ ಮಾಡಿದರು. ಅಲ್ಲಿ ಜನ ಬಿಡಿಬಿಡಿಯಾಗಿ ಅಲ್ಲ, ಗುಂಪುಗುಂಪಾಗಿ ಕೆಲಸ ಬಿಡುತ್ತಿದ್ದರು. ತಮ್ಮದೇ ಸ್ಥಾನದಲ್ಲಿರುವವರು, ತಮ್ಮಂಥವರು ಎಂದು ಯಾರನ್ನು ಭಾವಿಸಿದ್ದರೋ ಅವರ ಹಿಂದೆಯೇ ಇವರೂ ಹೊರಟಿದ್ದರು. ಅದೇ ಜೋಡಿಯ 1985ರ ಪ್ರಬಂಧದಲ್ಲಿ ಇನ್ನೊಂದು ಅಚ್ಚರಿಯಿದೆ: ಬಿಟ್ಟುಹೋದವರಿಗೆ ಹತ್ತಿರದವರಾಗಿದ್ದು, ತಾವು ಮಾತ್ರ ಉಳಿದುಕೊಂಡವರು ಆಮೇಲೆ ಕೆಲಸದ ಬಗ್ಗೆ ಹೆಚ್ಚು ತೃಪ್ತರಾಗಿದ್ದರು. ಉಳಿದವರು ‘ನಾನೇಕೆ ಉಳಿದೆ’ ಎಂದು ತಮಗೆ ತಾವೇ ಉತ್ತರ ಕೊಟ್ಟುಕೊಳ್ಳಬೇಕಲ್ಲ, ಆಗ ಕೆಲಸದ ಒಳ್ಳೆಯ ಮುಖ ಕಾಣತೊಡಗುತ್ತದೆ. ಹಾಗಾಗಿ ಗೆಳೆಯ ಹೋದ ವಾರದಲ್ಲಿ ನಮ್ಮ ಬೇಸರವನ್ನಾಗಲಿ, ಆಮೇಲಿನ ಸಮಾಧಾನವನ್ನಾಗಲಿ ಪೂರ್ತಿ ನಂಬುವುದು ಕಷ್ಟ.

2009ರಲ್ಲಿ ವಿಲ್ ಫೆಲ್ಪ್ಸ್ ಮತ್ತು ಸಂಗಡಿಗರು ಒಂದು ಬ್ಯಾಂಕಿನ 45 ಶಾಖೆ ಹಾಗೂ ಒಂದು ಆತಿಥ್ಯ ಸಂಸ್ಥೆಯ 1,038 ವಿಭಾಗಗಳನ್ನು ಪರಿಶೀಲಿಸಿ, ಕೆಲಸ ಬಿಡುವುದೂ ಒಂದು ಸೋಂಕೇ ಎಂದು ತೋರಿಸಿದರು. ಸಹೋದ್ಯೋಗಿಗಳು ಬೇರೆ ಕೆಲಸ ಹುಡುಕುತ್ತಿದ್ದರೆ ಸಾಕು, ಪಕ್ಕದವರು ಬಿಡುವ ಸಂಭವವೂ ಏರುತ್ತದೆ.

ಸೋಂಕು ಹಬ್ಬುವ ಬಗೆಯನ್ನು ಅರಿಯಲು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1978ರಲ್ಲಿ ಮುಂದಿಟ್ಟ ಲೆಕ್ಕ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಅವರು ಗಲಭೆಯ ಉದಾಹರಣೆ ಕೊಟ್ಟಿದ್ದರು; ಅದನ್ನು ಹತ್ತು ಜನರ ತಂಡಕ್ಕೆ ಅನ್ವಯಿಸೋಣ. ಮೊದಲನೆಯವರು ಯಾರನ್ನೂ ನೋಡದೆ ತಮ್ಮದೇ ಕಾರಣಕ್ಕೆ ಬಿಡುತ್ತಾರೆ. ಎರಡನೆಯವರು ಒಬ್ಬರು ಹೋದರೆ ಬಿಡುವವರು, ಮೂರನೆಯವರು ಇಬ್ಬರು ಹೋದರೆ, ನಾಲ್ಕನೆಯವರು ಮೂವರು ಹೋದರೆ. ಹೀಗೇ ಸಾಗಿ ಹತ್ತೂ ಜನ ಖಾಲಿ. ಈಗ ಎರಡನೆಯವರನ್ನು ಮಾತ್ರ ಬದಲಿಸಿ: ಅವರು ಬಿಡಲು ಒಬ್ಬರಲ್ಲ, ಇಬ್ಬರು ಹೋಗಿರಬೇಕು. ಮೊದಲನೆಯವರು ಹೋಗುತ್ತಾರೆ, ಅಲ್ಲಿಗೆ ನಿಂತಿತು. ಒಂಬತ್ತು ಜನ ಉಳಿದರು. ಮ್ಯಾನೇಜರ್, ಸಂಬಳ, ಕೆಲಸ ಯಾವುದೂ ಬೇರೆಯಲ್ಲ, ಒಬ್ಬರ ಸ್ವಭಾವದಲ್ಲಿ ಕೂದಲೆಳೆಯ ವ್ಯತ್ಯಾಸ. ಆದರೂ ನೋಡುವವರು ಮೊದಲನೆಯ ತಂಡವನ್ನು ನರಕವೆಂದೂ ಎರಡನೆಯದನ್ನು ಸ್ವರ್ಗವೆಂದೂ ತೀರ್ಮಾನಿಸುತ್ತಾರೆ!

ಆದ್ದರಿಂದ ಕೇಳಬೇಕಾದದ್ದು ‘ಎಷ್ಟು ಜನ ಹೋದರು’ ಎಂದಲ್ಲ, ‘ಮೊದಲು ಹೋದವರು ಯಾರು, ಯಾಕೆ’ ಎಂದು. ಸಂಬಳ ತಡವಾಯಿತೆಂದೋ, ಪ್ರಾಜೆಕ್ಟ್ ಕೈತಪ್ಪುವ ಸುಳಿವು ಸಿಕ್ಕಿತೆಂದೋ ಅವರು ಹೋಗಿದ್ದರೆ ಅದು ನಿಮಗೂ ಸಂಬಂಧಪಟ್ಟ ಸುದ್ದಿ. ಮದುವೆಯಾಗಿ ಬೇರೆ ಊರಿಗೆ ಹೋಗಿದ್ದರೆ ಅಲ್ಲ. ಎಂಟನೆಯವರ ಕಾರಣದಲ್ಲಿ ಬಹುಪಾಲು ಹಿಂದಿನ ಏಳು ಜನರೇ ಇರಬಹುದು.

ಉಳಿದವರ ಮೇಲೆ ಬೀಳುವ ಹೊರೆಯ ವಿಷಯ ಮಾತ್ರ ಬೇರೆ. ಕೆಟಿ (ಕೆಲಸದ ತಿಳಿವಳಿಕೆಯ ಹಸ್ತಾಂತರ) ಕೊಟ್ಟು ಹೋದವರ ಜಾಗಕ್ಕೆ ಹೊಸಬರು ಬರದಿದ್ದರೆ, ಮೂವರ ಕೆಲಸ ಒಬ್ಬರ ಹೆಗಲಿಗೆ ಬೀಳುತ್ತದೆ. ಆಗ ಅದು ನೀವು ಒಪ್ಪಿ ಸೇರಿದ ಕೆಲಸವೇ ಅಲ್ಲ. ಇದನ್ನು ‘ಅಡ್ಜಸ್ಟ್ ಮಾಡಿಕೊಳ್ಳಿ’ ಎಂದು ತಳ್ಳಿಹಾಕುವುದು ಅನ್ಯಾಯ.

ಜನ ಯಾಕೆ ಉಳಿಯುತ್ತಾರೆ ಎಂಬುದನ್ನು ಟೆರೆನ್ಸ್ ಮಿಚೆಲ್ ತಂಡ 2001ರಲ್ಲಿ ಮೂರು ಎಳೆಗಳಾಗಿ ಬಿಡಿಸಿತ್ತು: ಅಲ್ಲಿನ ಜನರ ನಂಟು, ಕೆಲಸ ಹಾಗೂ ಊರಿನೊಂದಿಗಿನ ಹೊಂದಿಕೆ, ಬಿಟ್ಟರೆ ಕಳೆದುಕೊಳ್ಳುವುದು. ಸಹೋದ್ಯೋಗಿ ಹೋದಾಗ ನೇರವಾಗಿ ಕಡಿಯುವುದು ಮೊದಲನೆಯ ಎಳೆ. ಮಕ್ಕಳ ಶಾಲೆ, ಗ್ರಾಚ್ಯುಟಿಗೆ ಬಾಕಿಯಿರುವ ತಿಂಗಳುಗಳು ಹಾಗೆಯೇ ಇರುತ್ತವೆ.

ಎಲ್ಲ ತೂಗಿಯೂ ತೀರ್ಮಾನವಾಗದಿದ್ದರೆ? ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಅಂಥವರಿಗಾಗಿ ಜಾಲತಾಣದಲ್ಲಿ ನಾಣ್ಯ ಚಿಮ್ಮಿಸಿದರು. 20,000ಕ್ಕೂ ಹೆಚ್ಚು ಬಾರಿ ನಾಣ್ಯ ಚಿಮ್ಮಿತು. ಕೆಲಸ ಬಿಡುವಂಥ ದೊಡ್ಡ ಪ್ರಶ್ನೆಗಳಲ್ಲಿ, ‘ಬದಲಾಯಿಸು’ ಎಂಬ ಉತ್ತರ ಬಂದವರು ಆರು ತಿಂಗಳ ನಂತರ ಹೆಚ್ಚು ಸಂತೋಷವಾಗಿದ್ದರೆಂದು 2021ರಲ್ಲಿ ಪ್ರಕಟವಾದ ಪ್ರಬಂಧ ಹೇಳುತ್ತದೆ. ಆದರೆ ಅವರೆಲ್ಲ ನಾಣ್ಯದ ಮೊರೆಹೋಗುವಷ್ಟು ತೂಗುಯ್ಯಾಲೆಯಲ್ಲಿದ್ದವರು. ಕಳೆದ ತಿಂಗಳವರೆಗೂ ನೆಮ್ಮದಿಯಾಗಿದ್ದು, ಇನ್ನೊಬ್ಬರ ರಾಜೀನಾಮೆ ಕೇಳಿ ಈಗಷ್ಟೇ ಕದಲಿದವರಿಗೆ ಆ ಫಲಿತಾಂಶ ಅನ್ವಯಿಸುವುದಿಲ್ಲ.