ಗ್ಯಾಸ್ ಟರ್ಬೈನ್: ಮೊದಲು ಒತ್ತಡ, ಆಮೇಲೆ ಬೆಂಕಿ

ಸ್ವಿಟ್ಜರ್‌ಲೆಂಡಿನ ನ್ಯೂಶಾಟೆಲ್ ನಗರಕ್ಕಾಗಿ ಬ್ರೌನ್ ಬೊವೆರಿ ಕಂಪನಿಯು 1939ರಲ್ಲಿ ನಿರ್ಮಿಸಿದ ಗ್ಯಾಸ್ ಟರ್ಬೈನ್ ಸುಮಾರು 15,400 ಕಿಲೋವ್ಯಾಟ್ ಶಕ್ತಿ ನೀಡುತ್ತಿತ್ತು. ಅದರಲ್ಲಿ 11,400 ಕಿಲೋವ್ಯಾಟ್ ಗಾಳಿಯನ್ನು ಒತ್ತುವ ಕಂಪ್ರೆಸರ್‌ಗೇ ವ್ಯಯವಾಗುತ್ತಿತ್ತು. ವಿದ್ಯುತ್ ಉತ್ಪಾದನೆಗೆ ಉಳಿಯುತ್ತಿದ್ದುದು 4,000 ಕಿಲೋವ್ಯಾಟ್ ಮಾತ್ರ. ಇಷ್ಟೊಂದು ದುಬಾರಿ ಸಂಕುಚನವಾದರೂ ಏಕೆ?

ಟರ್ಬೈನ್ ತಿರುಗಬೇಕಾದರೆ ಅನಿಲ ಒಳಬರುವ ಕಡೆ ಒತ್ತಡ ಹೆಚ್ಚಿರಬೇಕು, ಹೊರಹೋಗುವ ಕಡೆ ಕಡಿಮೆ ಇರಬೇಕು. ಈ ಎಂಜಿನ್‌ನಲ್ಲಿ ದಹನವು ಗಾಳಿಯ ಉಷ್ಣತೆ ಹಾಗೂ ಗಾತ್ರವನ್ನು ಹೆಚ್ಚಿಸುತ್ತದೆಯೇ ಹೊರತು ಒತ್ತಡವನ್ನಲ್ಲ. ಆದ್ದರಿಂದ ಒತ್ತಡವನ್ನು ಕಂಪ್ರೆಸರ್ ಮೊದಲೇ ಒದಗಿಸಬೇಕು.

ತಣ್ಣನೆಯ ಗಾಳಿಯನ್ನು ಒತ್ತಲು ತಗಲುವ ಶಕ್ತಿಗಿಂತ, ಅದೇ ಗಾಳಿ ಕಾದು ಹಿಗ್ಗುವಾಗ ನೀಡುವ ಶಕ್ತಿ ಅಧಿಕ. ಈ ವ್ಯತ್ಯಾಸವೇ ಲಾಭ. ನ್ಯೂಶಾಟೆಲ್ ಯಂತ್ರದಲ್ಲಿ ಗಾಳಿಯ ಒತ್ತಡ ನಾಲ್ಕು ಪಟ್ಟು ಹೆಚ್ಚುತ್ತಿತ್ತು, ದಕ್ಷತೆ ಶೇ 17ರಷ್ಟಿತ್ತು. ಒತ್ತಡವನ್ನು 20 ಪಟ್ಟಿಗೂ ಮೀರಿ ಏರಿಸುವ ಇಂದಿನ ದೊಡ್ಡ ಯಂತ್ರಗಳ ದಕ್ಷತೆ ಶೇ 40 ದಾಟಿದೆ.